ಅತ್ತೆಯ ಮೂಗು, ಆಕಾಶದ ಬಟ್ಟೆ

ಅನ್ಯಲೋಕದವರ ಹಡಗು ಭೂಮಿಯ ಮೇಲೆ ಬೀಳುವುದೇ ಆದರೆ ಅದು ಮಡಕಶಿರದ ಕಡೆ, ನಮ್ಮ ಹಿಪ್ಪುನೇರಳೆ ತೋಟದಲ್ಲೇ ಬೀಳಬೇಕೆಂದು ನಮ್ಮ ಅತ್ತೆ ತೀರ್ಮಾನಿಸಿದ್ದಳು. ಯಾಕೆ? ಅದು ಅವಳ ತವರು. ಬೇರೆ ಕಾರಣ ಬೇಕೆ?

ಅತ್ತೆ ಎಂದರೆ ಅಪ್ಪನ ಅಕ್ಕ. ನಮ್ಮ ವಂಶದಲ್ಲಿ ಊರು ಬಿಟ್ಟು ದುಡಿಯಲು ಹೋದ ಮೊದಲ ಹೆಂಗಸು. ರಾಯದುರ್ಗದ ಬೀದಿಬೀದಿಯಲ್ಲೂ ಜೀನ್ಸ್ ಹೊಲಿಗೆ ಶುರುವಾದ ಕಾಲದಲ್ಲಿ ಹೋಗಿ, ಪ್ಯಾಂಟಿನ ಹಿಂದಿನ ಜೇಬು ಹೊಲಿಯುವ ಮೆಷಿನ್ನಿನ ಮುಂದೆ ಕೂತವಳು ಇನ್ನೂ ಎದ್ದಿಲ್ಲ. ಆದರೆ ಅವಳ ಹೆಸರು ನಿಂತಿದ್ದು ಜೇಬಿನಿಂದಲ್ಲ, ಮೂಗಿನಿಂದ. ಯಾವ ಬಟ್ಟೆಯಾದರೂ ಸರಿ, ಒಂದು ಎಳೆ ಕಿತ್ತು, ಕಡ್ಡಿ ಗೀರಿ ಸುಟ್ಟು, ಮೂಸಿ ಹೇಳುತ್ತಾಳೆ: ಸುಟ್ಟ ಕಾಗದದ ವಾಸನೆ ಬಂದರೆ ಹತ್ತಿ, ಕೂದಲಿನದು ಬಂದರೆ ರೇಷ್ಮೆ, ಕರಗಿ ಮಣಿಯಾದರೆ ಪಾಲಿಯೆಸ್ಟರ್. ನನ್ನ ಮದುವೆಗೆ ಬೀಗರು ತಂದ ರೇಷ್ಮೆ ಪಂಚೆಯ ಎಳೆಗೂ ಮುಹೂರ್ತಕ್ಕೆ ಮುಂಚೆ ಬೆಂಕಿ ಬಿತ್ತು. ಪಂಚೆ ಪಾಸಾಯಿತು, ನನಗೆ ಹೆಂಡತಿ ಸಿಕ್ಕಳು!

ಒಮ್ಮೆ ಹಬ್ಬಕ್ಕೆ ಬಂದವಳ ಕಣ್ಣಿಗೆ ಬೆಳ್ಳಿಬಣ್ಣದ ಬಟ್ಟೆಯೊಂದು ಬಿತ್ತು. ಗಾಳಿಗೆ ಎಲ್ಲಿಂದಲೋ ಬಂದು ತೋಟದಲ್ಲಿ ಬಿದ್ದಿದ್ದ ಅದನ್ನು ಅಪ್ಪ ಹಕ್ಕಿ ಬೆದರಿಸಲು ರಾಗಿ ಹೊಲದಲ್ಲಿ ಕಟ್ಟಿದ್ದ. ಅತ್ತೆ ಮುಟ್ಟಿದಳು, ಹಿಂಡಿದಳು, ಬಿಟ್ಟಳು. ಒಂದು ಸುಕ್ಕೂ ಇಲ್ಲ.

"ಇದು ನಮ್ ಲೋಕದ್ ಬಟ್ಟೆ ಅಲ್ಲ ಕಣೋ. ಮ್ಯಾಲಿನೋರ ಹಡಗು ಬಿದ್ದೈತೆ."

"ಹಕ್ಕಿಗುಳ್ಗೂ ಹಂಗೇ ಅನ್ಸೈತೆ ಕಣಕ್ಕ. ಒಂದೂ ಬರ್ತಿಲ್ಲ," ಎಂದ ಅಪ್ಪ.

ಬಟ್ಟೆ ರಾಯದುರ್ಗ ಸೇರಿತು, ಪರೀಕ್ಷೆಗಳು ಶುರುವಾದವು. ಮೊದಲು ಜೀನ್ಸ್ ಒಗೆಯುವ ದೊಡ್ಡ ಮೆಷಿನ್ನಿಗೆ, ಬಣ್ಣ ಮಾಸಲು ಹಾಕುವ ಕಲ್ಲುಗಳ ಜೊತೆ. ಹೊಸ ಪ್ಯಾಂಟುಗಳು ಅಜ್ಜನ ಕಾಲದವಾಗಿ ಹೊರಬಂದವು. ಇದು ಹೋದ ಹಾಗೇ ಬಂತು. "ಅಕ್ಕಾರ, ಇದಕ್ಕ ಮುಪ್ಪೇ ಇಲ್ರಿ," ಎಂದು ಒಗೆಯುವವನು ಕೈಮುಗಿದ. ಆಮೇಲೆ ಅಕ್ಕಸಾಲಿಗ ಒರೆಗಲ್ಲಿಗೆ ಉಜ್ಜಿ ನೋಡಿ, "ಬಂಗಾರಲ್ಲ, ಬೆಳ್ಳಿನೂ ಅಲ್ಲ. ಯಾವ ಲೋಕದ್ದರ ಇರ್ಲಿ, ಅಡ ಇಡಾಕ ಬರಂಗಿಲ್ರಿ," ಎಂದ.

ಊಟದ ಬಿಡುವಿನಲ್ಲಿ ಅತ್ತೆ ಅದನ್ನು ಬಿಡಿಸಿ ಹಿಡಿದರೆ ಜೊತೆಯವರೆಲ್ಲ ತುತ್ತು ಮರೆಯುತ್ತಿದ್ದರು. ತಗಡಿನ ಸಂದಿಯ ಬಿಸಿಲು ಅದರ ಮೇಲೆ ಬಿದ್ದು ಗೋಡೆಯ ತುಂಬ ನಕ್ಷತ್ರ ಚೆಲ್ಲುತ್ತಿತ್ತು. "ಎಷ್ಟ್ ದೂರದಿಂದ ಬಂದೈತೋ ಏನೋ," ಎನ್ನುತ್ತಿದ್ದಳು, ದಾರಿ ತಪ್ಪಿದ ನೆಂಟರ ಬಗ್ಗೆ ಹೇಳುವ ದನಿಯಲ್ಲಿ.

ಎಲ್ಲ ಸರಿ, ಸುಟ್ಟು ಮೂಸಿದಳೇ? ಇಲ್ಲ. ಕೇಳಿದರೆ ನೆಗಡಿ ಎನ್ನುತ್ತಿದ್ದಳು. ಆ ನೆಗಡಿ ಮಳೆಗಾಲ ಕಳೆದು ಬೇಸಿಗೆ ಬಂದರೂ ಬಿಡಲಿಲ್ಲ. ತನ್ನ ಮೂಗು ಸುಳ್ಳು ಹೇಳುವುದಿಲ್ಲವೆಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ನಾನು ಅವಳನ್ನು ನೋಡಲು ಹೋಗಿದ್ದ ದಿನವೇ ಹೊಲಿಗೆ ಕಾರ್ಖಾನೆಯ ಮಾಲೀಕರು ಕೆಣಕಿದರು: "ಊರ ಮಂದಿ ಬಟ್ಟಿ ಎಲ್ಲಾ ಸುಡ್ತೀರಿ ಅಕ್ಕಾರ. ನಿಮ್ಮದಕ್ಕ ಯಾಕ ಹೆದರ್ತೀರಿ?"

ಅತ್ತೆ ಎದ್ದಳು. ಅಂಚಿನ ಮಡಿಕೆ ಬಿಚ್ಚಿ ಒಂದು ಎಳೆ ಕಿತ್ತಳು. ಕಡ್ಡಿ ಗೀರಿದಳು. ಎಳೆ ಮುದುಡಿ, ಕರಗಿ, ಸಾಸಿವೆಯಂಥ ಕರಿ ಮಣಿಯಾಯಿತು. ಮೂಸುವ ಅಗತ್ಯವೇ ಇರಲಿಲ್ಲ. ಆದರೂ ಮೂಸಿದಳು.

"ಪಾಲಿಯೆಸ್ಟರು," ಎಂದಳು.

ಯಾರೂ ನಗಲಿಲ್ಲ. ಮಾಲೀಕರೇ ಸಮಾಧಾನ ಹೇಳಿದರು: "ಗಾಳಿ ಮಳಿ ನೋಡಾಕ ಬಲೂನ್ ಬಿಡ್ತಾರಲ್ರಿ, ಅದಕ್ಕ ಕಟ್ಟೋ ಪ್ಯಾರಾಚೂಟ್ ಬಟ್ಟಿ ಇರಬೇಕು. ಮೋಡ ದಾಟಿ ಹೋಗತೈತಂತ."

ಅತ್ತೆಗೆ ಕೇಳಿಸಿತೋ ಇಲ್ಲವೋ. ಬಿಚ್ಚಿದ ಮಡಿಕೆಯೊಳಗೆ, ಇಷ್ಟು ದಿನ ಮುಚ್ಚಿಕೊಂಡಿದ್ದ ಹೊಲಿಗೆಯನ್ನೇ ನೋಡುತ್ತಿದ್ದಳು.

"ಇಲ್ ನೋಡೋ. ಇಲ್ಲಿ ದಾರ ಕಡ್ದೈತೆ. ಹೊಲಿದೋಳು ವಾಪಸ್ ಬಂದು ಮ್ಯಾಲೆ ಇನ್ನೊಂದ್ ಸಲ ಮೆಷಿನ್ ಓಡ್ಸವ್ಳೆ. ನಾನೂ ಹಿಂಗೇ ಮಾಡೋದು." ಅದನ್ನು ಬೆರಳಿನಿಂದ ಸವರಿದಳು. ಅವಳ ಕಣ್ಣುಗಳು ಮೊದಲಿಗಿಂತ ದೊಡ್ಡವಾಗಿದ್ದವು. "ನಮ್ಮಂಥೋಳು ಹೊಲಿದಿದ್ದು ಮೋಡ ದಾಟಿ ಹೋಗೈತಲ್ಲೋ. ಅವ್ಳಿಗೆ ಯಾರು ಹೇಳ್ತಾರೆ?"

ಅವಳು ಹೊಲಿದ ಜೇಬುಗಳು ಲಾರಿ ಹತ್ತಿ ಎಲ್ಲಿಗೆ ಹೋಗುತ್ತವೆಂದು ಅವಳಿಗೂ ಯಾರೂ ಹೇಳಿರಲಿಲ್ಲ.

ಈಗ ಯಾವ ಊರಿಗೆ ಹೋದರೂ ನಾನು ಮುಂದೆ ನಡೆಯುವವರ ಪ್ಯಾಂಟಿನ ಜೇಬು ನೋಡುತ್ತೇನೆ. ಕಂಡವರು ಏನಾದರೂ ಅಂದುಕೊಳ್ಳಲಿ! ಅದು ಅವಳದೇ ಎಂದು ಹೇಗೆ ಗೊತ್ತಾಗಬೇಕು? ಆದರೂ ಫೋನ್ ಮಾಡುತ್ತೇನೆ: "ಅತ್ತೆ, ನಿನ್ನ ಜೇಬು ಪುಣೆಗಂಟ ಬಂದೈತೆ."

ಆ ಕಡೆ ಮೆಷಿನ್ನಿನ ಸದ್ದು ಒಂದು ಗಳಿಗೆ ನಿಲ್ಲುತ್ತದೆ.

"ಹೊಲಿಗೆ ಬಿಟ್ಟಿಲ್ಲ ತಾನೇ?"