ಮಗಳು ಫೋಟೋ ತೆಗೆಯಲು ಕಲಿತದ್ದು

ಓದಿದವರು ಇರುವಲ್ಲಿ ಇಂಥದ್ದು ಆಗುತ್ತಲೇ ಇರುತ್ತದೆ. ಓದದವ ತಪ್ಪು ಮಾಡಿದರೆ ಬೈಸಿಕೊಂಡು ಸುಮ್ಮನಾಗುತ್ತಾನೆ. ಓದಿದವ ತಪ್ಪಿಗೊಂದು ಹೆಸರಿಟ್ಟು ಪಾಠ ಮಾಡುತ್ತಾನೆ.

ನನ್ನದು ಕುಂಬ್ರದಲ್ಲಿ ಪಂಕ್ಚರ್ ಅಂಗಡಿ. ಹೆಂಡತಿ ಕಳೆದ ಮಳೆಗಾಲದಲ್ಲಿ ತೀರಿಕೊಂಡಳು. ಅವಳದ್ದೊಂದು ಒಳ್ಳೆಯ ಫೋಟೋ ಇಲ್ಲ. ಮದುವೆಯ ಆಲ್ಬಮ್ ಗೆದ್ದಲು ತಿಂದಿತು. ಆಧಾರ್ ಕಾರ್ಡಿನಲ್ಲಿ ಇರುವುದು ತಾನು ಅಂತ ಅವಳೇ ಒಪ್ಪುತ್ತಿರಲಿಲ್ಲ. ಕ್ಯಾಮೆರಾ ಕಂಡರೆ ಬಾಯಿಗೆ ಕೈ ಅಡ್ಡ ಹಿಡಿಯುವಳು. ಒಂದು ಹಲ್ಲಿನ ಮೇಲೆ ಇನ್ನೊಂದು ಹಲ್ಲು ಹತ್ತಿತ್ತು, ಅದಕ್ಕೆ. ತೀರಿಕೊಂಡಾಗ ಪೇಪರಿಗೆ ಕೊಟ್ಟದ್ದು ಯಾರದೋ ಮದುವೆಯ ಫೋಟೋದಿಂದ ಕತ್ತರಿಸಿದ್ದು. ಬಾಯಿಯ ಮೇಲೆ ಅವಳ ಕೈ. ಹೆಗಲ ಮೇಲೆ ಇನ್ಯಾರದೋ ಕೈ.

ಮಗಳು ಯೂನಿವರ್ಸಿಟಿಯಲ್ಲಿ ಓದುತ್ತಾಳೆ. ಅಲ್ಲಿ ಫೋಟೋ ತೆಗೆಯುದೂ ಒಂದು ಪಾಠವಂತೆ.

"ಅಪ್ಪ, ಅಮ್ಮನ ವರ್ಷಾಂತಿಕದ ಒಳಗೆ ಅವಳ ಫೋಟೋ ನಾನೇ ಸರಿ ಮಾಡ್ತೇನೆ" ಅಂದಳು.

ನನಗೆ ಬೇಕಾದದ್ದು ಅದೊಂದೇ. ಗೋಡೆಯಲ್ಲಿ ಅವಳ ಮುಖ. ಕಾದೆ.

ಕ್ಯಾಮೆರಾ ಹಿಡಿಯುದು

ಮೊದಲ ಸಲ ಊರಿಗೆ ಬಂದಾಗ ಕೇಳಿದೆ. "ಎಂತ ಕಲಿತೆ?"

"ಕ್ಯಾಮೆರಾ ಹಿಡಿಯುದು ಹೇಗೆ ಅಂತ."

"ಹಿಡಿದೆಯಾ?"

"ಇಲ್ಲ ಅಪ್ಪ. ಅದು ಕಪಾಟಿನಲ್ಲಿ ಉಂಟು. ಬೀಗದ ಕೈ ಇರುವ ಮೇಷ್ಟ್ರು ರಜೆ."

"ಮತ್ತೆ ಹೇಗೆ ಕಲಿಸಿದ್ರು?"

"ಪಾಠ ಮಾಡುವ ಸಾರು ಡಸ್ಟರ್ ಕೊಟ್ರು. ಅದನ್ನೇ ಕಣ್ಣಿಗೆ ಹಿಡಿದು, ಉಸಿರು ಬಿಗಿ ಹಿಡಿದು, ಕ್ಲಿಕ್ ಅಂತ ಬಾಯಲ್ಲಿ ಹೇಳಬೇಕು. ಎಲ್ಲರೂ ಸಾಲಾಗಿ ಹೇಳಿದೆವು."

ಎದುರಿನ ಚಾ ಹೋಟೆಲಿನ ಸಾಹೇಬರು ಚಾ ತಂದವರು ಅಲ್ಲೇ ನಿಂತು ಕೇಳುತ್ತಿದ್ದರು.

"ಅಲ್ಲ ಮಗಳೇ, ಹಾಗಾದ್ರೆ ಬೋರ್ಡು ಒರೆಸುದು ಎಂತದ್ರಲ್ಲಿ? ಕ್ಯಾಮೆರಾದಲ್ಲಾ?"

ಮೂರು ಪಾಲು

ಆಮೇಲೆ ಚೌಕಟ್ಟಿನ ಪಾಠ ಆಯಿತು. ಮನೆಯಲ್ಲಿ ಅಭ್ಯಾಸ ಮಾಡಿ ಬನ್ನಿ ಅಂದರಂತೆ. ಮಗಳು ಮೊಬೈಲು ಹಿಡಿದು ಸಾಹೇಬರ ಹತ್ತಿರ ಹೋದಳು. ಅವರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ, ಗಡ್ಡ ಬಾಚಿ, ಗಲ್ಲಾಪೆಟ್ಟಿಗೆಯ ಹಿಂದೆ ಮದುಮಗನ ಹಾಗೆ ಕೂತರು.

ಫೋಟೋದಲ್ಲಿ ಸಾಹೇಬರು ಒಂದು ಬದಿಯಲ್ಲಿ. ಉಳಿದದ್ದೆಲ್ಲ ಗೋಡೆ.

"ನನ್ನ ಹೋಟೆಲಿನಲ್ಲಿ ನನ್ನನ್ನೇ ಮೂಲೆಗೆ ಹಾಕಿದೆಯಲ್ಲ!"

"ಅದು ನಿಯಮ ಸಾಹೇಬ್ರೆ. ಚಿತ್ರವನ್ನು ಮೂರು ಪಾಲು ಮಾಡಬೇಕು. ಮನುಷ್ಯ ಒಂದು ಪಾಲಿನಲ್ಲಿ."

"ಉಳಿದದ್ದು ಯಾರಿಗೆ?"

"ಖಾಲಿ ಬಿಡಬೇಕು. ಅದೇ ಚಂದ ಅಂತ ಸಾರು ಹೇಳಿದ್ದಾರೆ."

ಸಾಹೇಬರು ಫೋಟೋ ನೋಡಿದರು. ಗೋಡೆ ನೋಡಿದರು.

"ನಿನ್ನ ಸಾರು ಪುತ್ತೂರು ಬಸ್ಸಿನಲ್ಲಿ ಹಾಗೆ ಕೂತು ನೋಡ್ಲಿ ಒಮ್ಮೆ. ಕಂಡಕ್ಟರ್ ನಿಯಮ ಕಲಿಸ್ತಾನೆ."

ದುಃಖ ಸಾಲದು

ಒಂದು ದಿನ ಆ ಸಾರೇ ಮಕ್ಕಳನ್ನು ವ್ಯಾನಿನಲ್ಲಿ ಕರೆದುಕೊಂಡು ಅಂಗಡಿಗೆ ಬಂದರು. ದುಡಿಯುವವರ ಮುಖ ಬೇಕಂತೆ. ಕೈ ತೊಳೆಯಲು ಹೋದೆ. ಬೇಡ ಅಂದರು. ಇನ್ನೂ ಸ್ವಲ್ಪ ಮಸಿ ಹಚ್ಚಿಕೊಳ್ಳಿ ಅಂದರು. ಹಚ್ಚಿದೆ.

"ಅಣ್ಣ, ಮುಖದಲ್ಲಿ ದುಃಖ ಬೇಕು. ಏನಾದರೂ ದುಃಖದ ವಿಷಯ ನೆನೆಸಿಕೊಳ್ಳಿ."

ನನಗೆ ನೆನೆಸಿಕೊಳ್ಳಲು ಎಂತ ಉಂಟು? ಅದು ಇದ್ದೇ ಉಂಟು. ಇದ್ದ ಹಾಗೆಯೇ ನೋಡಿದೆ.

ಸಾರು ತಲೆ ಅಲ್ಲಾಡಿಸಿದರು. "ಇಲ್ಲ. ಸಹಜವಾಗಿ ಬರ್ತಾ ಇಲ್ಲ."

ಮಗಳು ಅತ್ತ ತಿರುಗಿದಳು.

ಕೆದಂಬಾಡಿಯ ಅಡಿಕೆ ತೋಟದ ಧನಿಯೊಬ್ಬರು ದೊಡ್ಡ ಕಾರಿನ ಚಕ್ರ ಬಿಚ್ಚಿ ಕೊಟ್ಟು ಕಾಯುತ್ತಿದ್ದರು. ಕುರ್ಚಿ ಇಲ್ಲ, ಹಳೆಯ ಟಯರಿನ ಮೇಲೆ ಕೂತಿದ್ದರು. ಹೊಟ್ಟೆ ಹಸಿದು ಮುಖ ಬಾಡಿತ್ತು. ಸಾರಿನ ಕಣ್ಣು ಅಲ್ಲಿಗೆ ಹೋಯಿತು. "ಅಲ್ಲಿ ನೋಡಿ, ಅಲ್ಲಿ!" ಎಲ್ಲ ಮೊಬೈಲೂ ಅತ್ತ.

ಒಬ್ಬ ಹುಡುಗ ತೆಗೆದ ಫೋಟೋಕ್ಕೆ ಬಹುಮಾನ ಬಂತು. ಯೂನಿವರ್ಸಿಟಿಯ ಗೋಡೆಗೆ ಹಾಕಿದರು. ಕೆಳಗೆ ಬರೆದದ್ದು "ಬಡತನದ ಮುಖ". ಧನಿಗಳ ಮೊಮ್ಮಗಳೂ ಅಲ್ಲೇ ಓದುದು. ನೋಡಿ ಮನೆಯಲ್ಲಿ ಹೇಳಿದಳು.

ಧನಿಗಳು ಸೀದಾ ಅಂಗಡಿಗೆ ಬಂದರು. ಬೈಗುಳಕ್ಕೆ ತಯಾರಾದೆ.

"ಅಲ್ಲ ಮಾರಾಯ, ಬಹುಮಾನ ತೆಗೆದವನಿಗೆ ಕೊಟ್ಟರಂತೆ. ಬಡವ ನಾನಲ್ವಾ? ನನಗೆ ಎಂತ ಉಂಟು?"

ಅಮ್ಮನ ಫೋಟೋ

ವರ್ಷಾಂತಿಕದ ಹಿಂದಿನ ದಿನ ಮಗಳು ಫೋಟೋಕ್ಕೆ ಫ್ರೇಮು ಹಾಕಿಸಿ ತಂದಳು. ಪೇಪರು ಬಿಚ್ಚಿದೆ.

ಹೆಗಲ ಮೇಲಿನ ಕೈ ಹೋಗಿದೆ. ಸರಿ. ಬಾಯಿಯ ಮೇಲಿನ ಕೈಯೂ ಹೋಗಿದೆ.

"ಕೈಯ ಅಡಿಯಲ್ಲಿ ಬಾಯಿ ಎಲ್ಲಿತ್ತು ಮಗಾ?"

"ಇರಲಿಲ್ಲ. ಕಂಪ್ಯೂಟರ್ ಕೊಟ್ಟಿತು."

ಕೊಟ್ಟದ್ದೇ ಕೊಟ್ಟದ್ದು, ಹಲ್ಲು ಅಂಗಡಿ ಬೋರ್ಡಿನ ಲೈಟಿನ ಹಾಗೆ ಸಾಲಾಗಿ ಹೊಳೆಯುತ್ತಿತ್ತು. ಮೂಗು ಸಪೂರ. ಬಣ್ಣ ಬಿಳಿ. ವಯಸ್ಸು ಮಗಳಷ್ಟೇ.

"ಸಾರು ತುಂಬ ಮಾರ್ಕು ಕೊಟ್ರು ಅಪ್ಪ."

"ಅವರು ಅಮ್ಮನನ್ನು ನೋಡಿದ್ರಾ?"

"ಇಲ್ಲ."

"ಮತ್ತೆ ಮಾರ್ಕು ಯಾವುದಕ್ಕೆ?"

ಅವಳು ಪೇಪರು ಮಡಚಿದಳು. ಕಣ್ಣು ತುಂಬಿತ್ತು. ಬೈಯಲು ಮನಸ್ಸು ಬರಲಿಲ್ಲ. ಬೇರೆ ಮಾಡಿಸಲು ಸಮಯವೂ ಇರಲಿಲ್ಲ. ಮಾರನೆ ದಿನ ಅದನ್ನೇ ಇಟ್ಟು ಮಾಲೆ ಹಾಕಿ ದೀಪ ಹಚ್ಚಿದೆವು. ಬಂದವರು ನೋಡಿದರು, ಕೈ ಮುಗಿದರು, ಒಬ್ಬರ ಮುಖ ಒಬ್ಬರು ನೋಡಿದರು. ಬಾಯಿ ಬಿಡಲಿಲ್ಲ. ಊಟದ ಮೊದಲು ಯಾರು ಬಾಯಿ ಬಿಡ್ತಾರೆ?

ಸುಳ್ಯದಿಂದ ಹೆಂಡತಿಯ ಚಿಕ್ಕಮ್ಮ ಬಂದರು. ತಾಯಿ ಇಲ್ಲದ ಅವಳನ್ನು ಎತ್ತಿ ಸಾಕಿದವರು. ಕಾಲು ನೋವಂತ ವರ್ಷದಿಂದ ನಮ್ಮ ಕಡೆ ಬಂದಿರಲಿಲ್ಲ. ಕನ್ನಡಕ ಒರೆಸಿ ಹಾಕಿದರು. ಫೋಟೋದ ಎದುರು ತುಂಬ ಹೊತ್ತು ನಿಂತರು. ಗುರುತು ಹಿಡಿದರು ಅಂತ ಕುರ್ಚಿ ಎಳೆದು ಕೊಟ್ಟೆ.

ಮೆಲ್ಲ ನನ್ನ ಕೈ ಹಿಡಿದು ಅಡುಗೆಕೋಣೆಯ ಬಾಗಿಲ ಹಿಂದೆ ಕರೆದುಕೊಂಡು ಹೋದರು. ಸ್ವರ ತಗ್ಗಿಸಿದರು.

"ಎರಡನೇದು ಮಾಡಿಕೊಂಡದ್ದು ನಮಗೆ ಹೇಳಲೇ ಇಲ್ಲವಲ್ಲ ಅಳಿಯ. ಹೋಗ್ಲಿ, ನನಗೇನೂ ಬೇಜಾರಿಲ್ಲ. ಮನೆ ನೋಡಲು ಜನ ಬೇಕಲ್ಲ. ಆದ್ರೆ ಪಾಪ, ಇಷ್ಟು ಸಣ್ಣ ಪ್ರಾಯ... ಇವಳಿಗೆ ಎಂತ ಆಗಿತ್ತು?"