ಟವಲಿನ ಕೆಳಗೆ ಹೋದ ತಂಡ

ನಮ್ಮ ಕಾಕಾನಿಗೆ ಫುಟ್‌ಬಾಲ್ ಬಗ್ಗೆ ಗೊತ್ತಿದ್ದದ್ದು ಒಂದೇ: ಚೆಂಡು ದುಂಡಗಿರುತ್ತದೆ! ಇಂಥವನು ಎಂಬತ್ತರ ದಶಕದಲ್ಲಿ ಜೇವರ್ಗಿಯ ಒಂದು ಫುಟ್‌ಬಾಲ್ ಕ್ಲಬ್ಬಿಗೆ ಮಾಲೀಕ. ಹುಡುಗರದೊಂದು ತಂಡ, ಹುಡುಗಿಯರದೊಂದು. ಅಸಲು ಕಸುಬು ರೈತರ ತೊಗರಿ ಮಾರಿಸಿ ದಲ್ಲಾಳಿ ಪಡೆಯುವ ಅಡತಿ ಅಂಗಡಿ. ಮೊದಲ ಚೆಂಡು ಬಂದ ದಿನ, ಚೀಲಕ್ಕೆ ಚುಚ್ಚಿ ಕಾಳು ತೆಗೆದು ನೋಡುವ ಕೊಳವೆಯನ್ನು ರೂಢಿಯ ಮೇಲೆ ಅದಕ್ಕೂ ಚುಚ್ಚಿದ.

"ಒಳಗ ಏನೂ ಇಲ್ಲಲೇ! ಬರೇ ಗಾಳಿಗೆ ರೊಕ್ಕ ತಗೊಂಡಾನ!"

ಕ್ಲಬ್ಬಿಗೆ ಅವನದೊಂದೇ ಕಾನೂನು: ಯಾವ ತಂಡ ಗಳಿಸುತ್ತದೋ ಅದೇ ಉಣ್ಣಬೇಕು. ಹುಡುಗರ ಆಟಕ್ಕೆ ಟಿಕೆಟ್. ಹುಡುಗಿಯರ ಆಟ ಅದಕ್ಕೂ ಮುಂಚೆ, ಜನ ಕೂಡಲೆಂದು, ಪುಕ್ಕಟೆ! ಹಾಗಾಗಿ ಹುಡುಗರಿಗೆ ಹೊಸ ಬೂಟು, ಹುಡುಗಿಯರಿಗೆ ಅವರು ಬಿಟ್ಟದ್ದು. ನಾಯಕಿ, ಇಜೇರಿ ಹಳ್ಳಿಯ ಶಬಾನಾ, ಬೂಟಿನ ತುದಿಗೆ ಹತ್ತಿ ತುರುಕಿಕೊಂಡೇ ಗೋಲು ಹೊಡೆಯುತ್ತಿದ್ದಳು.

"ಕಾಕಾ, ನಮ್ಮ ಆಟಕ್ಕೂ ತಿಕೀಟ ಇಡ್ರಿ. ನಾವೂ ಗಳಸ್ತೇವಿ."

"ನೀವು ಮೊದಲ ಗಳಸ್ರಿ ಬೇ, ಆಮ್ಯಾಲ ಇಡ್ತೇನಿ!"

ಟಿಕೆಟ್ಟೇ ಇಲ್ಲದೆ ಗಳಿಸುವುದಾದರೂ ಹೇಗೆ?

ಒಂದು ವರ್ಷ ಕಾಕಾ, ಹುಡುಗಿಯರ ತಂಡ ಬರೀ ಲುಕ್ಸಾನು ಎಂದು ತೀರ್ಮಾನಿಸಿ ತೊಗರಿಯಂತೆ ಅದನ್ನೂ ಹರಾಜಿನ ಸವಾಲಿಗಿಟ್ಟ. ಯಾರೂ ಕೊಳ್ಳದಿದ್ದರೆ ತಂಡ ಬಂದ್. ನಮ್ಮ ಪೇಟೆಯ ಸವಾಲಿನಲ್ಲಿ ಬಾಯಿ ಬಿಡುವಂತಿಲ್ಲ. ಟವಲಿನ ಕೆಳಗೆ ಕೈಗೆ ಕೈ ಸೇರಿಸಿ, ಬೆರಳು ಒತ್ತಿ ಧಾರಣೆ ಹೇಳಬೇಕು. ಕಾಕಾ ಕೈ ಮೇಲೆ ಟವಲು ಹೊದಿಸಿಕೊಂಡು ನಿಂತ. ವ್ಯಾಪಾರಿಗಳು ನಕ್ಕು ಚಹಾಕ್ಕೆ ಹೋದರು. ಗೋಡೆಗೆ ಆತು ನಿಂತಿದ್ದ ಶಬಾನಾ ಬೂಟಿನೊಳಗಿನ ಹತ್ತಿ ಕೀಳತೊಡಗಿದಳು.

ಆಗ, ಗಂಡನಿಗೆ ಬುತ್ತಿ ತಂದಿದ್ದ ನಮ್ಮ ಕಾಕಿ, ಎಂದೂ ಅವನೆದುರು ದನಿ ಎತ್ತದವಳು, ಬುತ್ತಿ ಕೆಳಗಿಟ್ಟು ಟವಲಿನೊಳಗೆ ಕೈ ಹಾಕಿಯೇಬಿಟ್ಟಳು! ಕಾಕಾ ಬೆಚ್ಚಿದ. ಮುಖ ಕೆಂಪಾಯಿತು. ಇಡೀ ಲಾರಿ ತೊಗರಿಗೂ ಅಷ್ಟು ಹೊತ್ತು ಹಿಡಿಯುವುದಿಲ್ಲ. ಕೊನೆಗೆ ಕೂಗಿದ: "ಮಾಲು ಹೋತು!"

ಹೊಸ ಮಾಲಕಿ ಮಾಡಿದ ಮೊದಲ ಕೆಲಸ, ಹುಡುಗಿಯರ ಆಟಕ್ಕೆ ಟಿಕೆಟ್. ಕಾಕಾನೂ ಟಿಕೆಟ್ ಕೊಳ್ಳಬೇಕಾಯಿತು. ಬಾಗಿಲಲ್ಲಿ ಎಷ್ಟು ಚೌಕಾಸಿ ಮಾಡಿದರೂ ಅವಳು ಬಿಡಲಿಲ್ಲ! ಮುಂದಿನ ಪಂದ್ಯದ ಹೊತ್ತಿಗೆ ಶಬಾನಾಳ ಕಾಲಿಗೆ ಅವಳದೇ ಅಳತೆಯ ಬೂಟು ಬಂದಿತ್ತು.

ಕಾಕಾ ಈಗಿಲ್ಲ. ನೆನೆದರೆ ಈಗಲೂ ನಗು ಬರುತ್ತದೆ. ಮೊನ್ನೆ ಕಾಕಿಯನ್ನು ಕೇಳಿದೆ, "ಅವತ್ತ ಎಷ್ಟಕ್ಕ ಕೇಳಿದಿ ಕಾಕಿ?"

"ಆ ಬೆರಳಿನ ಲೆಕ್ಕ ನನಗೇನ ಗೊತ್ತಪಾ? ಸುಮ್ನ ಕೈ ಹಿಡ್ದೆ. ಅವ್ರು ಬಿಡಿಸ್ಕೊಳ್ಳಲಿಲ್ಲ."