ಪುತ್ತೂರಿನಲ್ಲಿ ಕಳೆದ ನನ್ನ ಅಮೆರಿಕವಾಸ

ಕೆಲವರ ಜಾತಕದಲ್ಲಿ ರಾಜಯೋಗ ಇರುತ್ತದಂತೆ. ನನ್ನದರಲ್ಲಿ ಇರುವುದು ವಿವರಣೆ ಕೊಡುವ ಯೋಗ. ಬಸ್ಸಿನಲ್ಲಿ ಕೂತರೂ ಮದುವೆ ಊಟಕ್ಕೆ ಹೋದರೂ ಯಾರಾದರೊಬ್ಬರು ನನ್ನಿಂದ ಸಮಜಾಯಿಷಿ ಕೇಳಿಯೇ ಕೇಳುತ್ತಾರೆ. ಆದರೆ ಅರುವತ್ತರ ದಶಕದ ಆರಂಭದಲ್ಲಿ, ಅಮೆರಿಕದ ಒಂದು ಕಾಲೇಜಿನಲ್ಲಿ ಮಣ್ಣಿನ ಶಾಸ್ತ್ರ ಓದಲು ಸೀಟು ಸಿಕ್ಕಿ, ವೀಸಾ ಮಾತ್ರ ಸಿಗದೆ ಕೂತಿದ್ದ ಆ ಎರಡು ತಿಂಗಳಲ್ಲಿ ಕೊಟ್ಟಷ್ಟು ವಿವರಣೆ ಮತ್ತೆಂದೂ ಕೊಟ್ಟಿಲ್ಲ.

ಅಪ್ಪ ಎಲ್ಲಿದ್ದಾರೆ?

ಮದ್ರಾಸಿನ ವೀಸಾ ಕಚೇರಿಯಲ್ಲಿ ಸಂದರ್ಶನ. ಎದುರಿಗಿದ್ದ ಅಮೆರಿಕದ ದೊರೆ ಬಹಳ ಮರ್ಯಾದೆಯ ಮನುಷ್ಯ.

"ನಿಮ್ಮ ತಂದೆಗೆ ಆಸ್ತಿ ಎಷ್ಟು?"

"ನಮ್ಮ ಮನೆಯಲ್ಲಿ ತಂದೆಗೆ ಏನೂ ಇಲ್ಲ."

"ಅವರು ಎಲ್ಲಿದ್ದಾರೆ?"

"ಅವರ ಮನೆಯಲ್ಲಿ. ಆಗಾಗ ಬಂದು ಹೋಗುತ್ತಾರೆ."

"ಮತ್ತೆ ನೀವು?"

"ಅಮ್ಮನ ಅಣ್ಣನ ಜತೆಗೆ."

"ಆ ಮಾವನ ಆಸ್ತಿ ಅವರ ಮಕ್ಕಳಿಗಲ್ಲವೇ?"

"ಅವರಿಗೂ ನಮ್ಮ ಮನೆಯಲ್ಲಿ ಏನೂ ಇಲ್ಲ."

ನಮ್ಮದು ಅಳಿಯಕಟ್ಟು, ಆಸ್ತಿ ಬರುವುದು ತಾಯಿಯ ಕಡೆಯಿಂದ, ಮಾವನ ನಂತರ ಮನೆ ನೋಡಿಕೊಳ್ಳುವವನು ಅಳಿಯ, ಅಂದರೆ ತಂಗಿಯ ಮಗ, ಎಂದು ನಾನು ಬಿಡಿಸಿ ಹೇಳಲು ಹೊರಟೆ. ಅಷ್ಟರಲ್ಲಿ ದೊರೆ ನೀರಿನ ಲೋಟವನ್ನು ಮೆಲ್ಲನೆ ನನ್ನತ್ತ ಸರಿಸಿದರು. ಅಪ್ಪ ಬಿಟ್ಟುಹೋದ ಪಾಪದ ಹುಡುಗ ಎಂದುಕೊಂಡಿರಬೇಕು. ನಾಲ್ಕು ದಿನ ಬಿಟ್ಟು ಕಾಗದ ಕೈಗಿತ್ತರು. ಊರಿಗೆ ಮರಳಿ ಬರಲು ನನಗೆ ಯಾವ ಕಾರಣವೂ ಇಲ್ಲವಂತೆ, ಆದ್ದರಿಂದ ವೀಸಾ ಇಲ್ಲ, ಒಪ್ಪಿಗೆಯಾಗದಿದ್ದರೆ ಮನವಿ ಸಲ್ಲಿಸಬಹುದು. ಎರಡು ಮನೆಯ ಮಗನಾಗಿ ಬೆಳೆದ ನಾನು ಒಂದು ಲೋಟ ನೀರು ಕುಡಿಯುವಷ್ಟರಲ್ಲಿ ಒಂದೂ ಮನೆಯಿಲ್ಲದವನಾಗಿದ್ದೆ.

ಕಣ್ಣೀರಿನ ಅರ್ಜಿ

ನಮ್ಮೂರು ಕಡಬಕ್ಕೆ ಮರಳುವ ಹಾಗಿರಲಿಲ್ಲ. ಮದ್ರಾಸಿನಿಂದ ಹಾಗೆಯೇ ಹಡಗು ಹತ್ತುತ್ತೇನೆಂದು ಎಲ್ಲರ ಕಾಲಿಗೆ ಬಿದ್ದು ಬಂದಿದ್ದೆ. ದೂರದೇಶಕ್ಕೆ ಹೋಗುವವನಿಗೆ ನೆಂಟರ ಮನೆಗಳಲ್ಲಿ ಊಟ ಹಾಕಿಸುವುದು ನಮ್ಮ ಕಡೆಯ ಕ್ರಮ. ನನ್ನ ಹೆಸರಿನಲ್ಲಿ ಹದಿನಾಲ್ಕು ಮನೆಯಲ್ಲಿ ಕೋಳಿ ಬಿದ್ದಿತ್ತು. ತಿಂದು ಮುಗಿಸಿದ ಆ ಕೋಳಿಗಳಿಗೆ ಏನೆಂದು ಉತ್ತರ ಹೇಳುವುದು? ಪುತ್ತೂರಿನಲ್ಲಿ ಒಂದು ಅಡಿಕೆ ಅಂಗಡಿಯ ಮಾಳಿಗೆಯಲ್ಲಿ ಕೋಣೆ ಹಿಡಿದು ಅಡಗಿ ಕೂತೆ.

ತಾಲೂಕು ಕಚೇರಿಯ ಎದುರು ಒಬ್ಬ ಅರ್ಜಿ ಬರೆಯುವವರಿದ್ದರು, ಭಾರೀ ಕೈಗುಣದವರು ಎಂದು ಹೆಸರು. ನಮ್ಮ ಮನೆಗೆ ಗದ್ದೆ, ತೋಟ ಎಷ್ಟಿದೆ ಎಂದು ನಾನು ಬರೆದು ಒಯ್ದದ್ದನ್ನು ಅವರು ಪೂರ್ತಿ ಹೊಡೆದುಹಾಕಿದರು.

"ಆಸ್ತಿ ಉಂಟು ಅಂತ ಹೇಳಿದರೆ ಯಾವ ಸರಕಾರ ಎಂತ ಕೊಡ್ತದೆ ಮಾರಾಯ್ರೆ? ಅರ್ಜಿ ಓದಿದವನ ಕಣ್ಣಲ್ಲಿ ನೀರು ಬರಬೇಕು."

ಕಡು ಬಡವ, ದಿಕ್ಕಿಲ್ಲದವ, ಕೇಳುವವರಿಲ್ಲದವ ಎಂದು ಬರೆದರು. ನಾನು ತಡೆಯಬೇಕಿತ್ತು. ಆದರೆ ಮಾತನಾಡಲು ಒಬ್ಬರೂ ಇಲ್ಲದೆ ಹದಿನೈದು ದಿನ ಕಳೆದಿದ್ದವನಿಗೆ ಅದರ ಒಂದೊಂದು ಶಬ್ದವೂ ಸತ್ಯವೆನಿಸಿತು. ಸಹಿ ಹಾಕಿ ಕಳಿಸಿದೆ.

ಉತ್ತರ ಬಂತು. ನಿಮ್ಮ ಸ್ಥಿತಿಗಾಗಿ ಬಹಳ ವಿಷಾದಿಸುತ್ತೇವೆ, ಇಷ್ಟು ಬಡವರಿಗೆ ವೀಸಾ ಕೊಡುವಂತಿಲ್ಲ, ನಿಮ್ಮವರೆಂಬವರು ಯಾರಾದರೂ ಇದ್ದರೆ ತಿಂಗಳ ಕೊನೆಯೊಳಗೆ ಕರೆತನ್ನಿ. ಕಾಲೇಜಿನ ಸೀಟು ಇದ್ದದ್ದೂ ಅಷ್ಟೇ ದಿನ. ಅರ್ಜಿಯವರಿಗೆ ತೋರಿಸಿದೆ. ಅವರಿಗೆ ಬಹಳ ಖುಷಿಯಾಯಿತು.

"ನೋಡಿ, ವಿಷಾದದವರೆಗೆ ಬಂತು! ಇನ್ನೊಂದು ಬರೆದರೆ ಆಯ್ತು."

ಎರಡು ತಿಂಗಳ ಅಮೆರಿಕ

ನಮ್ಮವರೆಂದರೆ ಮನೆಯ ಯಜಮಾನರಾದ ಮಾವ. ಅವರೆದುರು ನಿಂತು ಸೋತೆನೆಂದು ಹೇಳುವ ಧೈರ್ಯ ನನಗಿರಲಿಲ್ಲ. ಎಷ್ಟೋ ಸಾಯಂಕಾಲ ಬಸ್‌ಸ್ಟ್ಯಾಂಡಿಗೆ ಹೋಗಿ ಕಡಬದ ಬಸ್ಸು ಹೊರಡುವುದನ್ನು ದೂರದಿಂದ ನೋಡಿ ಬರುತ್ತಿದ್ದೆ. ಕಂಡಕ್ಟರು ಊರಿನ ಹೆಸರು ಕೂಗುವುದನ್ನು ಕೇಳಿದರೆ ಏನೋ ಸಮಾಧಾನ.

ಒಂದು ದಿನ ನಮ್ಮ ನೆರೆಮನೆಯವರ ಕೈಗೆ ಸಿಕ್ಕಿಬಿದ್ದೆ.

"ಓಹೋ! ಅಮೆರಿಕದಿಂದ ಯಾವಾಗ ಬಂದದ್ದು?"

ಬಾಯಿಗೆ ಬಂದದ್ದು "ನಿನ್ನೆ."

"ಅಲ್ಲಿ ಮಳೆ ಹೇಗುಂಟು?"

"ಸ್ವಲ್ಪ ಕಡಿಮೆ."

"ಕಲಿತು ಆಯ್ತಾ ಎಲ್ಲ?"

"ಆಯ್ತು."

ಅವರು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ಅಭಿಮಾನದಿಂದ ನೋಡಿದರು. "ಎರಡೇ ತಿಂಗಳಲ್ಲಿ! ನೀವು ಶಾಲೆಗೆ ಹೋಗುವಾಗಲೇ ಹುಷಾರು."

ಮಾವನ ಬೇಡಿಕೆ

ನೆರೆಮನೆಯವರ ಬಾಯಿಂದ ಸುದ್ದಿ ತಿಳಿದು ಮರುದಿನ ಮೊದಲ ಬಸ್ಸಿಗೇ ಮಾವ ಬಂದಿಳಿದರು, ಪೇಟೆಯಲ್ಲಿ ಕೇಳಿಕೊಂಡು ನನ್ನ ಮಾಳಿಗೆ ಹತ್ತಿದರು. ನನ್ನ ಕೋಣೆಯನ್ನು, ಸ್ಟವ್ವನ್ನು, ನೆಲದ ಚಾಪೆಯನ್ನು ಒಂದೊಂದಾಗಿ ನೋಡಿದರು. ನಾನು ಎಲ್ಲ ಹೇಳಿ ಮುಗಿಸಿದೆ. ಬೈಯುತ್ತಾರೆಂದು ಕಾದೆ.

"ಚಾಪೆ ಮಡಚು," ಎಂದರು. ಸೀದಾ ಮಂಗಳೂರು, ಅಲ್ಲಿಂದ ಮದ್ರಾಸಿನ ರೈಲು.

ಮಾವ ಮುಂಡಾಸು ಸುತ್ತಿ, ಕರಿ ಕೋಟು ಹಾಕಿ, ಕೊಡೆ ಹಿಡಿದು ದೊರೆಯ ಎದುರು ಕೂತರು. ಕನ್ನಡ ಬಲ್ಲ ಒಬ್ಬ ಗುಮಾಸ್ತ ಮಾತು ದಾಟಿಸುತ್ತಿದ್ದ. ಅಳಿಯಕಟ್ಟಿನ ವಿಷಯ, ಗದ್ದೆ ತೋಟದ ಲೆಕ್ಕ ಎಲ್ಲ ಮಾವ ಐದು ನಿಮಿಷದಲ್ಲಿ ಹೇಳಿದರು. ದೊರೆ ತಲೆ ಆಡಿಸಿದರು.

"ಇವರು ಅಲ್ಲೇ ಉಳಿದುಬಿಟ್ಟರೆ ಏನು ಮಾಡುತ್ತೀರಿ?"

"ಮಾಡುದೆಂತ? ಹೋಗಿ ಕರ್ಕೊಂಡು ಬರುದು."

"ಅಮೆರಿಕಕ್ಕೆ?"

"ಇವನಿದ್ದಲ್ಲಿಗೆ. ಮನೆಯ ಹುಡುಗನನ್ನು ಹಾಗೆ ಬಿಟ್ಟು ಬಿಡ್ಲಿಕ್ಕೆ ಆಗ್ತದಾ? ಅದಕ್ಕೇ ಹೇಳುದು, ಈಗಲೇ ನನ್ನ ಹೆಸರಿಗೂ ಒಂದು ವೀಸಾ ಬರೆದಿಡಿ. ಮತ್ತೆ ಅದಕ್ಕೆ ಪುನಃ ಇಷ್ಟು ದೂರ ಬರುದು ಕಷ್ಟ."

ಗುಮಾಸ್ತ ನಗು ತಡೆದುಕೊಂಡು ದಾಟಿಸಿದ. ದೊರೆ ನಗು ತಡೆದುಕೊಳ್ಳಲಿಲ್ಲ. ನನ್ನ ಕಾಗದಕ್ಕೆ ಮುದ್ರೆ ಹೊಡೆದರು. ಮಾವನಿಗೆ, "ನಿಮಗೆ ಬೇಕಾಗಲಾರದು," ಎಂದರು.

ಹೊರಗೆ ಬಂದದ್ದೇ ತಡ, ರಸ್ತೆಯ ಬದಿಯಲ್ಲಿ ನಿಂತು ನಾನು ಅತ್ತುಬಿಟ್ಟೆ. ಹುಡುಕಿಕೊಂಡು ಬರುವವರು ನನಗೂ ಒಬ್ಬರಿದ್ದಾರೆಂದು ಎರಡು ತಿಂಗಳು ಗೊತ್ತೇ ಇರಲಿಲ್ಲ.

ಮಾವ ಕೊಡೆ ಬಿಡಿಸಿ ನನ್ನ ತಲೆಗೂ ಹಿಡಿದರು.

"ನೀನು ಅಳುದೆಂತಕ್ಕೆ?" ಎಂದರು. "ನಿನಗೆ ವೀಸಾ ಸಿಕ್ಕಿತು. ಸಿಗದೆ ಇದ್ದದ್ದು ನನಗೆ. ಅಳಬೇಕಾದವ ನಾನಲ್ಲವಾ ಮಾರಾಯ?"